ರಜೆ ಚೀಟಿಯ ಹಕಾರ

ನಾನು ಬ್ಯಾಡಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರ. ಮನೆ ರಾಣೆಬೆನ್ನೂರಿನಲ್ಲಿ. ದಿನಾ ಬಸ್ಸಿನ ಕಿಟಕಿಗೆ ಕುಳಿತು ದಾರಿಯ ಬೋರ್ಡುಗಳ ತಪ್ಪು ಹಿಡಿಯುವುದು ನನ್ನ ಚಟವಾಗಿತ್ತು. 'ಶುದ್ದ ಕುಡಿಯುವ ನೀರು' ಎಂದಿದ್ದರೆ, ಅಲ್ಲಿ ಶುದ್ಧವಾಗಬೇಕಾದ್ದು ಕುಡಿಯುವುದೋ ನೀರೋ? 'ದನಸಹಾಯ' ಕೇಳಿದವನಿಗೆ ಬೇಕಾದ್ದು ಎತ್ತೋ ಎಮ್ಮೆಯೋ? ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ 'ಹೃದಯಾಪಘಾತ' ಎಂದು ಬರೆದಿದ್ದರೆ ಸತ್ತವರ ಮುಖಕ್ಕಿಂತ ಮೊದಲು ನನಗೆ ಆ ಬೇಡದ 'ಪ' ಕಾಣುತ್ತಿತ್ತು. ಫೋಟೋ ಹೊಡೆದು ಮಾಸ್ತರರ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ನಗುವ ಮುಖಗಳು ಸಾಲಾಗಿ ಬರುತ್ತಿದ್ದವು. ಅದರಲ್ಲಿ ನನಗೆ ಬಹಳ ಸುಖವಿತ್ತು, ಸುಳ್ಳು ಯಾಕೆ ಹೇಳಲಿ.

ಎಂಟನೆಯ ತರಗತಿಗೆ ನಡುವರ್ಷದಲ್ಲಿ ಒಬ್ಬ ಹುಡುಗಿ ಬಂದಳು. ಹುಟ್ಟಿ ಬೆಳೆದದ್ದು ಹಿರಿಯೂರಿನ ಕಡೆ. ತಂದೆ ತೀರಿದ ಮೇಲೆ ತಾಯಿ ಅವಳನ್ನು ಕರೆದುಕೊಂಡು ತನ್ನ ತವರಾದ ಬ್ಯಾಡಗಿಗೆ ಬಂದಿದ್ದಳು. ತವರಿನಲ್ಲಿ ಆಗಲೇ ಯಾರೂ ಉಳಿದಿರಲಿಲ್ಲ. ಒಂದು ಬಾಡಿಗೆ ಖೋಲಿ ಹಿಡಿದು, ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು.

ಹುಡುಗಿಯ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಲು ಆಲು, ಹಳ್ಳಿ ಅಳ್ಳಿ. ಹಾಜರಿ ಕರೆಯುವಾಗಲೇ ನಾನು ಶುರು ಮಾಡುತ್ತಿದ್ದೆ: "ಎಲ್ಲಿ ಹೋತವಾ ನಿನ್ನ ಹ? ಹಿರಿಯೂರಾಗ ಬಿಟ್ಟು ಬಂದೀಯೇನು?" ತರಗತಿ ನಗುತ್ತಿತ್ತು. ಅವಳು ಹೆದರಿದಳು. ಎಲ್ಲಿ ಬೇಕು, ಎಲ್ಲಿ ಬೇಡ ಎಂದು ತಿಳಿಯದೆ ಕಂಡಕಂಡಲ್ಲಿ ಹ ಹಚ್ಚತೊಡಗಿದಳು. ಹಂಗಡಿ, ಹಾಕಾಶ, ಹಾನೆ. ಅದು ನಾನೇ ಕಲಿಸಿದ ಪಾಠದ ಫಲ ಎಂದು ನನಗೆ ಹೊಳೆಯಲಿಲ್ಲ. ದಡ್ಡಿ ಎಂದುಕೊಂಡೆ.

ಅವಳ ಮೊದಲ ರಜೆ ಚೀಟಿಯಲ್ಲಿ 'ಅಮ್ಮನಿಗೆ ಉಷಾರಿಲ್ಲದ ಕಾರಣ' ಎಂದಿತ್ತು. ನಮ್ಮ ಕಡೆ ಹುಷಾರ್ ಎಂದರೆ ಬುದ್ಧಿವಂತ. ಜಡ್ಡಿಗೆ, ಅಂದರೆ ಕಾಯಿಲೆಗೆ, 'ಹುಷಾರಿಲ್ಲ' ಎನ್ನುವುದು ಹಿರಿಯೂರು, ಬೆಂಗಳೂರು, ಮೈಸೂರು ಕಡೆಯವರ ಮಾತು. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ನಗಿಸುವ ಚಪಲ. "ನಿಮ್ಮವ್ವ ಹುಷಾರ್ ಇಲ್ಲಂದ್ರ ಆಕೀನ್ನ ಸಾಲಿಗೆ ಕಳಸು, ನೀ ಮನ್ಯಾಗ ಇರು" ಎಂದೆ. ಆಮೇಲೆ ಕೆಂಪು ಪೆನ್ನಿನಲ್ಲಿ 'ಉ' ಹೊಡೆದು 'ಹು' ಮಾಡಿದೆ. ಪಕ್ಕದಲ್ಲಿ, ಇಲ್ಲಿ 'ಆರಾಮ ಇಲ್ಲ' ಎಂದು ಬರೆಯಬೇಕು ಅಂತ ಬರೆದುಕೊಟ್ಟೆ.

ಎರಡು ವಾರದ ಮೇಲೆ ಎರಡನೆಯ ಚೀಟಿ ಬಂತು. ಪಾಪ, ನಾನು ತಿದ್ದಿದ ಎರಡನ್ನೂ ಕೂಡಿಸಿದ್ದಳು: 'ಅಮ್ಮನಿಗೆ ಹಾರಾಮ ಇಲ್ಲದ ಕಾರಣ'. ನಾನು ಬೇಕೆಂದೇ ದೀರ್ಘವನ್ನು ನುಂಗಿ 'ಹರಾಮ ಇಲ್ಲ' ಎಂದು ಗಟ್ಟಿಯಾಗಿ ಓದಿದೆ. ಹರಾಮ, ಹರಾಮಿ ಎಂಬ ಬೈಗುಳ ನಮ್ಮೂರಿನ ಯಾವ ಮಗುವಿಗೆ ಗೊತ್ತಿಲ್ಲ? ಹುಡುಗರು ಬೆಂಚು ಬಡಿದು ನಕ್ಕರು. ಚೀಟಿಯ ಫೋಟೋ ಗುಂಪಿಗೂ ಹೋಯಿತು. ಗುತ್ತಲದ ಗೆಳೆಯನೊಬ್ಬ, "ಇಂಥಾ ಚೀಟಿಗೆ ಎರಡು ದಿನ ರಜಾ ಕೊಡ್ರಿ ಸರ" ಎಂದು ಬರೆದ. ನಾನು ಅರ್ಧ ದಿನವನ್ನೂ ಕೊಡಲಿಲ್ಲ. ಅಂದಿನಿಂದ ಆಟದ ಬಯಲಿನಲ್ಲಿ ಅವಳ ಹೆಸರೇ ಹರಾಮ ಆಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಸುಮ್ಮನೆ ಅಲ್ಲ.

ತಾಯಿಗೆ ಏನಾಗಿದೆ ಎಂದು ನಾನು ಕೇಳಲೇ ಇಲ್ಲ. ಮೆಣಸಿನಕಾಯಿ ಹಂಗಾಮು, ಮಗಳನ್ನೂ ಕೂಲಿಗೆ ಕರೆದೊಯ್ಯಲು ಸುಳ್ಳು ನೆಪ ಎಂದು ನನ್ನ ಲೆಕ್ಕ. ಕೆಮ್ಮು ಎಂದು ಯಾರೋ ಹೇಳಿದ್ದರು. ಬ್ಯಾಡಗಿಯಲ್ಲಿ ಆ ಘಾಟಿಗೆ ಕೆಮ್ಮದವರು ಯಾರು?

ಒಂದು ಮುಂಜಾನೆ, ಮೊದಲ ಪಿರಿಯಡ್ಡಿಗೆ, ಅವಳು ಪಾಟಿಚೀಲವಿಲ್ಲದೆ ಬಾಗಿಲಲ್ಲಿ ನಿಂತಿದ್ದಳು.

"ಸಾರ್, ಅಮ್ಮಂಗೆ..." ಎಂದಳು. ಮುಂದಿನ ಶಬ್ದ ಬಾಯಿಗೆ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು.

"ಚೀಟಿ ಎಲ್ಲಿ ಐತಿ?"

"ಇಲ್ಲ ಸಾರ್."

"ಬಾಯಿಮಾತು ನಡಿಯೂದಿಲ್ಲ. ಬರದು ಕೊಡು, ತಪ್ಪಿಲ್ದಂಗ."

ಗೆಳತಿಯ ಹತ್ತಿರ ಒಂದು ಹಾಳೆ ಇಸಿದುಕೊಂಡು ಬೆಂಚಿನ ತುದಿಯಲ್ಲಿ ಕುಳಿತಳು. ನಾನು ಪಾಠ ಮುಂದುವರಿಸಿದೆ. ಅವಳು ಬರೆಯುವುದು, ಹೊಡೆದುಹಾಕುವುದು, ಮತ್ತೆ ಬರೆಯುವುದು ಕಾಣುತ್ತಿತ್ತು. ಕಡೆಗೂ ಅಕ್ಷರಕ್ಕೆ ಹೆದರುವುದನ್ನು ಕಲಿತಳು ಎಂದು ನನಗೆ ಸಮಾಧಾನವಾಯಿತು. ನನ್ನದು ಜೋಡಿ ಪಿರಿಯಡ್. ಗಂಟೆ ಹೊಡೆದರೂ ನಾನು ತರಗತಿ ಬಿಡಲಿಲ್ಲ, ಅವಳು ಹಾಳೆ ಬಿಡಲಿಲ್ಲ.

ಎರಡನೆಯ ಪಿರಿಯಡ್ ಮುಗಿಯುವ ಹೊತ್ತಿಗೆ ಅವಳ ಪಕ್ಕದ ಮನೆಯ ಹೆಂಗಸು ಏದುಸಿರು ಬಿಡುತ್ತ ಬಂದಳು. ಬೆಳಗಿನ ಜಾವ ತಾಯಿ ರಕ್ತ ಕಾರಿದ್ದಳಂತೆ. ಈ ಹೆಂಗಸಿನ ಗಂಡ ಅವಳನ್ನು ಆಟೋದಲ್ಲಿ ಹಾವೇರಿ ದವಾಖಾನೆಗೆ ಒಯ್ದಿದ್ದ. ಹುಡುಗಿಗೆ, ಸಾಲಿಯಲ್ಲಿ ರಜೆ ಕೇಳಿ ಬಾ, ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ ಎಂದು ಹೇಳಿ ಈಕೆ ಕಾಯುತ್ತಿದ್ದಳು.

"ಎರಡು ಬಸ್ ಬಿಟ್ಟೇನ್ರಿ ಸರ, ಈಗ ಬರ್ತಾಳ, ಈಗ ಬರ್ತಾಳಂತ. ಈಗ ನಮ್ಮನಿಯವರು ಫೋನ್ ಮಾಡಿದ್ರು. ಹೋಗಿಬಿಟ್ಲರಿ ಆಕಿ. ಕಡೀತನಕ ಮಗಳು ಎಲ್ಲಿ, ಮಗಳು ಎಲ್ಲಿ ಅಂತ ಕೇಳಿದ್ಲಂತ."

ಹುಡುಗಿ ಅಳಲಿಲ್ಲ. ಹಾಳೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡು ಆಕೆಯ ಹಿಂದೆ ಹೋದಳು. ಬೇಗ ಹೋಗಿದ್ದರೆ ತಾಯಿ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಒಂದು ಸಲ ಮಗಳ ಮುಖ ನೋಡುತ್ತಿದ್ದಳು, ಅಷ್ಟೇ. ಆ ಅಷ್ಟನ್ನು ಕಸಿದುಕೊಂಡವನು ನಾನು. ಹೆಡ್‌ಮೇಡಂ, "ನಿಮಗ ಹೆಂಗ ಗೊತ್ತಾಗಬೇಕ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು. ಅಂದು ಮುಂಜಾನೆ ಹುಡುಗಿ ಬಾಗಿಲಲ್ಲಿ ಹೇಗೆ ನಿಂತಿದ್ದಳೆಂದು ಅವರು ನೋಡಿರಲಿಲ್ಲ. ನಾನು ನೋಡಿದ್ದೆ. ಅವಳ ಮುಖದಲ್ಲಿ ಎಲ್ಲ ಇತ್ತು, ಅದಕ್ಕೆ ಕಾಗುಣಿತ ಬೇಕಿರಲಿಲ್ಲ.

ಹದಿನೈದು ದಿನದ ಮೇಲೆ ಹಿರಿಯೂರಿನಿಂದ ಬಂದ ಸೋದರತ್ತೆಯ ಜೊತೆ ಶಾಲೆಗೆ ಬಂದಳು. ಆ ಕಡೆಯ ಶಾಲೆಗೆ ಸೇರಿಸಲು ಟಿ.ಸಿ. ಬೇಕಿತ್ತು, ಅದಕ್ಕೊಂದು ಅರ್ಜಿ. ನಾನು ಅವಳ ಮುಂದೆ ಬಿಳಿ ಹಾಳೆ ಇಟ್ಟು, "ನಿನಗ ತಿಳದಂಗ ಬರಿಯವಾ, ತಪ್ಪಾದ್ರ ಆಗ್ಲಿ" ಎಂದೆ.

ಅವಳು ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. "ನೀವೇ ಬರೀರಿ ಸಾರ್."

'ತಾಯಿ ತೀರಿಕೊಂಡಿರುವುದರಿಂದ' ಎಂದು ನಾನು ಬರೆದೆ. ಒಂದಕ್ಷರವೂ ತಪ್ಪಲಿಲ್ಲ. ಅವಳು ಅದನ್ನು ಓದಲಿಲ್ಲ. ಕೆಳಗೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ನನ್ನ ಮೇಜಿನ ಮೇಲೆ ಇಟ್ಟು ಹೋದಳು.