ಮುಂಚೆ ಬಿದ್ದ ಪೆಟ್ಟು

ನನ್ನ ಬಲಗೈಗೆ ಸ್ವಂತ ಬುದ್ಧಿಯಿದೆ. ನನ್ನ ಬುದ್ಧಿಯ ಜೊತೆ ಹೊಂದಿಕೊಂಡು ಹೋಗಬೇಕೆಂಬ ಹಟವೇನೂ ಅದಕ್ಕಿಲ್ಲ. ಎಲ್ಲಾದರೂ ಸದ್ದೊಂದು ಕ್ರಮವಾಗಿ ಮರುಕಳಿಸಿದರೆ ಸಾಕು, ನನ್ನ ಅಪ್ಪಣೆಗೆ ಕಾಯದೆ ತೊಡೆಯ ಮೇಲೇರಿ ತಾಳ ಹಾಕತೊಡಗುತ್ತದೆ. ಸಂಗೀತವೇ ಆಗಬೇಕೆಂಬ ಮಡಿವಂತಿಕೆಯೂ ಅದಕ್ಕಿಲ್ಲ. ಬಟ್ಟೆ ಒಗೆಯುವ ಯಂತ್ರ, ಮಳೆಯಲ್ಲಿ ಕಾರಿನ ವೈಪರು, ಮ್ಯಾನ್‌ಹಾಟನ್ನಿಗೆ ಹೋಗುವ ರೈಲಿನ ಚಕ್ರ, ಎಲ್ಲವೂ ಅದಕ್ಕೆ ಕಚೇರಿಯೇ. ಒಮ್ಮೆ ದಂತವೈದ್ಯನ ಕುರ್ಚಿಯಲ್ಲಿ, ಹಲ್ಲು ಕೊರೆಯುವ ಯಂತ್ರಕ್ಕೂ ಅದು ಆದಿತಾಳ ಹಾಕಿದ್ದನ್ನು ಕಂಡು, ನಾನು ನೋವಿಗೆ ಒದ್ದಾಡುತ್ತಿದ್ದೇನೆಂದು ಭಾವಿಸಿದ ಆ ಪುಣ್ಯಾತ್ಮ ಇನ್ನೊಂದು ಸೂಜಿ ಚುಚ್ಚಿದ. ಕೈ ಮಾಡಿದ ಪಾಪವನ್ನು ಬಾಯಿ ಅನುಭವಿಸಿತು.

ಇದರ ಮೂಲ ಮೈಸೂರಿನಲ್ಲಿದೆ. ಚಿಕ್ಕಂದಿನಲ್ಲಿ ನನ್ನನ್ನು ಮೃದಂಗದ ಮೇಷ್ಟರ ಬಳಿ ಬಿಟ್ಟಿದ್ದರು. ಮೃದಂಗ ನನಗೆ ಒಲಿಯಲಿಲ್ಲ, ತಾಳ ನನ್ನನ್ನು ಬಿಡಲಿಲ್ಲ. ಮೇಷ್ಟರು ಕೈಚೆಲ್ಲಿದ ಮೇಲೆ ಎಂಜಿನಿಯರಿಂಗ್ ಓದಿ, ಅರವತ್ತರ ದಶಕದ ಕೊನೆಯಲ್ಲಿ ನ್ಯೂಜರ್ಸಿಗೆ ಬಂದು, ಪ್ರಿನ್ಸ್‌ಟನ್ನಿಗೆ ಸಮೀಪದ ಒಂದು ಪ್ರಯೋಗಾಲಯ ಸೇರಿದೆ. ಅಲ್ಲಿ ನನ್ನ ಉದ್ಯೋಗ ಏನೆಂದು ಊರಿನವರಿಗೆ ಬಿಡಿಸಿ ಹೇಳಲು ನನಗೆ ಇಂದಿಗೂ ಸಂಕೋಚ: ದೂರದ ಟೆಲಿಫೋನ್ ಕರೆಗಳಲ್ಲಿ ಜನರಿಗೆ ತಮ್ಮ ಮಾತೇ ಮರಳಿ ಕೇಳಿಸುವ ಉಪದ್ರವವನ್ನು ನಿವಾರಿಸುವುದು. ಅಂದರೆ ಪ್ರತಿಧ್ವನಿಯ ಸಂಹಾರ. ಸಂಹಾರಕ್ಕೆ ಮುನ್ನ ಗುರುತು ಹಿಡಿಯಬೇಕಲ್ಲ, ಹಾಗಾಗಿ ಯಾವುದು ಮೂಲ ಸದ್ದು, ಯಾವುದು ಅದರ ಮರುದನಿ ಎಂದು ಹೇಳುವ ಅಭ್ಯಾಸ ನನ್ನ ಕಿವಿಗೆ ಅಂಟಿಕೊಂಡಿತು.

ಪಕ್ಕದ ಮನೆಯಲ್ಲಿ ಫ್ರ್ಯಾಂಕ್ ಮತ್ತು ಡಾರತಿ ಎಂಬ ದಂಪತಿ ಇದ್ದರು. ಆತ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಆಕೆ ಶಾಲೆಯ ಊಟದ ಮನೆಯಲ್ಲಿ ಕೆಲಸಕ್ಕಿದ್ದವಳು. ಅವರ ಒಬ್ಬನೇ ಮಗ ರೇ, ಊರಿನ ಡ್ರಮ್ ತಂಡದಲ್ಲಿದ್ದ. ಆ ಕಾಲದ ನ್ಯೂಜರ್ಸಿ, ನ್ಯೂಯಾರ್ಕುಗಳಲ್ಲಿ ಇಂಥ ತಂಡ ಇಲ್ಲದ ಊರೇ ಇರಲಿಲ್ಲವೆನ್ನಬೇಕು. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು, ಹಿತ್ತಾಳೆಯ ಬ್ಯೂಗಲ್ಲುಗಳು, ಕೊರಳಿಂದ ಇಳಿಬಿಟ್ಟ ಡ್ರಮ್ಮುಗಳು. ಕೊಳಲಿಲ್ಲ, ಕ್ಲಾರಿನೆಟ್ ಇಲ್ಲ. ಬೇಸಿಗೆ ಬಂತೆಂದರೆ ಫುಟ್‌ಬಾಲ್ ಮೈದಾನಗಳಲ್ಲಿ ಸ್ಪರ್ಧೆಯೋ ಸ್ಪರ್ಧೆ. ನುಡಿಸುತ್ತಲೇ ಸಾಲಾಗಿ ನಡೆಯಬೇಕು, ತಿರುಗಬೇಕು, ಚಕ್ರವಾಗಬೇಕು. ತೀರ್ಪುಗಾರರು ದೂರ ಕುಳಿತು ಕೇಳುವವರಲ್ಲ. ಸಾಲುಗಳ ನಡುವೆಯೇ ಓಡಾಡುತ್ತ, ಒಬ್ಬೊಬ್ಬರ ಡ್ರಮ್ಮಿಗೂ ಕಿವಿಯೊಡ್ಡಿ, ತಪ್ಪು ಕೇಳಿದಾಗಲೆಲ್ಲ ಹಾಳೆಯ ಮೇಲೊಂದು ಗೀಟು ಹಾಕುತ್ತಾರೆ. ಒಂದೊಂದು ಗೀಟಿಗೂ ಅಂಕ ಕಡಿತ. ನನ್ನ ಮೃದಂಗದ ಮೇಷ್ಟರು ಅಲ್ಲೇನಾದರೂ ಹುಟ್ಟಿದ್ದರೆ ಒಳ್ಳೆಯ ಹೆಸರು ಮಾಡುತ್ತಿದ್ದರು.

ಫ್ರ್ಯಾಂಕ್ ನನ್ನನ್ನು ಮೊದಲ ಸ್ಪರ್ಧೆಗೆ ಕರೆದೊಯ್ದ ದಿನವೇ ನನ್ನ ಕೈ ತನ್ನ ಗುಣ ತೋರಿಸಿತು. ಡ್ರಮ್ಮು ಶುರುವಾದದ್ದೇ ತಡ, ತಟ್ಟುವುದು, ಬೆರಳು ಎಣಿಸುವುದು, ಅಂಗೈ ತಿರುವುವುದು, ಸಾಂಗೋಪಾಂಗವಾಗಿ ನಡೆಯಿತು. ಸುತ್ತಲಿನ ಅಭಿಮಾನಿಗಳು ಅದನ್ನು ನೋಡಿ, ನಾನು ತೀರ್ಪುಗಾರರ ಹಾಗೆ ತಪ್ಪುಗಳನ್ನು ಬೆರಳಲ್ಲಿ ಎಣಿಸುತ್ತಿದ್ದೇನೆಂದು ತೀರ್ಮಾನಿಸಿಬಿಟ್ಟರು. ಎಷ್ಟು ಸಿಕ್ಕಿದವು ಎಂದು ಹಿಂದಿನವನು ಕೇಳಿದ; ನಾನು ನಮ್ಮವರ ಹಾಗೆ ಹೌದಕ್ಕೂ ಅಲ್ಲಕ್ಕೂ ನಡುವೆ ತಲೆ ಆಡಿಸಿದೆ. ಅಷ್ಟೇ ಸಾಕಾಯಿತು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ನಾನು ನಮ್ಮ ಸಾಲಿನ ವಿದ್ವಾಂಸನಾದೆ. ಮುಂದಿನ ಸ್ಪರ್ಧೆಗಳಲ್ಲಿ ಜನ ನನಗಾಗಿ ಜಾಗ ಹಿಡಿದಿಡತೊಡಗಿದರು.

"ಏನ್ರೀ, ಅವ್ರೆಲ್ಲ ನಿಮ್ಮನ್ನ ದೊಡ್ಡ ಸಂಗೀತ ವಿದ್ವಾಂಸರು ಅಂದ್ಕೊಂಡಿದಾರೆ. ನೀವೂ ಸುಮ್ನೆ ತಲೆ ಆಡಿಸ್ಕೊಂಡು ಕೂತಿದೀರಲ್ಲ!" ಎಂದು ನನ್ನ ಹೆಂಡತಿ ಶಾರದೆ ನಕ್ಕಳು. ಶನಿವಾರದ ಊಟಕ್ಕೆ ಬರುತ್ತಿದ್ದ ಧಾರವಾಡದ ಡಾಕ್ಟರ್ ಕುಲಕರ್ಣಿಯವರದು ಬೇರೆಯೇ ಚಿಂತೆ. "ಅಲ್ರೀ, ಮದಿವಿ ಮೆರವಣಿಗಿ ಬ್ಯಾಂಡ್ ಕೇಳಾಕ ರೊಕ್ಕಾ ಕೊಟ್ಟು ಹೋಗ್ತೀರಿ? ನಮ್ಮ ಧಾರವಾಡದಾಗ ಪುಕ್ಕಟ ಕೇಳಬಹುದಿತ್ತಲ್ರೀ!"

ಆದರೆ ಬಿರುದು ಬಂದ ಮೇಲೆ ವಿದ್ಯೆ ಕಲಿಯದೆ ಗತ್ಯಂತರವಿರಲಿಲ್ಲ. ಒಂದೆರಡು ಬೇಸಿಗೆಗಳಲ್ಲಿ ನನಗೂ ತಾರತಮ್ಯ ಜ್ಞಾನ ಬಂತು. ನದಿಯಾಚೆಯ ನ್ಯೂಯಾರ್ಕಿನ ತಂಡಗಳ ಹಿತ್ತಾಳೆಗೆ ಗಂಟಲು ದೊಡ್ಡದು, ಸಂಯಮ ಚಿಕ್ಕದು. ಕೊನೆಯ ಬೆಂಚಿನವನ ಟೋಪಿ ಹಾರಬೇಕೆಂಬ ಛಲದಿಂದ ಊದುತ್ತಿದ್ದರು. ಬಂದರಿನ ಕಡೆಯ ಬಿಳಿ ಸಮವಸ್ತ್ರದ ತಂಡದ್ದು ಹುಣಸೆಹಣ್ಣು ಹಾಕಿ ಬೆಳಗಿದ ಹಿತ್ತಾಳೆಯಂಥ ನಾದ, ಆದರೆ ಅವರ ಡ್ರಮ್ಮುಗಳಿಗೆ ಬಾಯಿಪಾಠದ ಒಣತನ. ನಮ್ಮೂರ ತಂಡದ ಹಿತ್ತಾಳೆ ಸಾಧಾರಣ. ಹೈ ನೋಟಿಗೆ ಹೋದಾಗ ಶ್ರುತಿ ಸ್ವಲ್ಪ ಮೇಲೇರಿ ಹಲ್ಲು ಜುಮ್ಮೆನ್ನುತ್ತಿತ್ತು. ಆದರೆ ಅವರ ಸ್ನೇರ್ ಡ್ರಮ್ಮಿನ ಸಾಲು! ಅಡಿಯಲ್ಲಿ ತಂತಿ ಬಿಗಿದ, ಕರಕರನೆ ನುಡಿಯುವ ಆ ಡ್ರಮ್ಮುಗಳನ್ನು ಅಷ್ಟು ಮಂದಿ ಒಟ್ಟಿಗೆ ಬಾರಿಸಿದರೂ ಒಬ್ಬನೇ ಬಾರಿಸಿದಂತೆ ಕೇಳುತ್ತಿತ್ತು. ಅವರ ವಾದನದ ಕೊನೆಯಲ್ಲೊಂದು ಜಾಗವಿತ್ತು. ಎಲ್ಲವೂ ಒಮ್ಮೆಗೇ ನಿಂತು, ಮೈದಾನ ಉಸಿರು ಬಿಗಿಹಿಡಿದು, ಆಮೇಲೆ ಎಲ್ಲ ಕೋಲುಗಳೂ ಸೇರಿ ಒಂದೇ ಪೆಟ್ಟು. ಅಲ್ಲಿ ರೇ ಪ್ರತಿ ಸಲವೂ ಕೂದಲೆಳೆಯಷ್ಟು ಮುಂಚೆ ಬಂದುಬಿಡುತ್ತಿದ್ದ. ಪ್ರತಿ ಸಲವೂ ಗೀಟು ಬೀಳುತ್ತಿತ್ತು. ಹುಟ್ಟಿದ್ದೂ ದಿನ ತುಂಬುವ ಮೊದಲೇ, ಊಟಕ್ಕೆ ಕೂರುವುದೂ ಬಡಿಸುವ ಮೊದಲೇ ಎಂದು ಡಾರತಿ ಮಗನನ್ನು ಗೇಲಿ ಮಾಡುತ್ತಿದ್ದಳು.

ಯುದ್ಧಕ್ಕೂ ಅವನಿಗೆ ಬೇಗನೆ ಕರೆ ಬಂತು. ಹೋದವನು ವಿಯೆಟ್ನಾಮಿನ ಯಾವುದೋ ಕಾಡಿನಲ್ಲಿ ಕಾಣೆಯಾದ. ಸತ್ತನೆಂದಲ್ಲ, ಕಾಣೆಯಾದನೆಂದು ಸೈನ್ಯದವರು ಮನೆಗೆ ಬಂದು ಹೇಳಿ ಹೋದರು. ಸತ್ತವರಿಗೆ ಶ್ರಾದ್ಧವಿದೆ, ಬದುಕಿದವರಿಗೆ ಊಟವಿದೆ. ಕಾಣೆಯಾದವರಿಗೆ ಏನು ಮಾಡಬೇಕೆಂದು ನಮ್ಮ ಶಾಸ್ತ್ರದಲ್ಲಿಯೂ ನನಗೆ ಹೊಳೆಯಲಿಲ್ಲ, ಅವರ ಚರ್ಚಿನವರಿಗೂ ಹೊಳೆದಂತೆ ಕಾಣಲಿಲ್ಲ. ಡ್ರಮ್ ತಂಡಕ್ಕೆ ಮಾತ್ರ ಏನು ಮಾಡಬೇಕೆಂದು ಗೊತ್ತಿತ್ತು. ಸಾಲಿನಲ್ಲಿ ಒಬ್ಬ ಇಲ್ಲದಾದರೆ ಉಳಿದವರು ಒತ್ತಿಕೊಂಡು ಜಾಗ ಮುಚ್ಚದೆ, ಅವನ ಜಾಗವನ್ನು ಹಾಗೇ ಖಾಲಿ ಬಿಟ್ಟು ನಡೆಯುವುದು ಅವರಲ್ಲಿ ವಾಡಿಕೆ.

ಆ ಬೇಸಿಗೆಯ ಮೊದಲ ಸ್ಪರ್ಧೆಯನ್ನು ನಾನು ಮರೆಯಲಾರೆ. ಸಂಜೆಯ ಬಿಸಿಲು ಇನ್ನೂ ಇತ್ತು. ಡ್ರಮ್ಮಿನ ಸಾಲು ಮೈದಾನಕ್ಕೆ ಬಂತು, ನಡುವೆ ಒಬ್ಬ ಮನುಷ್ಯನ ಅಗಲದ ಬಯಲು. ಸಾಲು ಮುಂದೆ ನಡೆದರೆ ಆ ಬಯಲೂ ನಡೆಯಿತು. ಸಾಲು ತಿರುಗಿದರೆ ಅದೂ ಹೆಜ್ಜೆ ತಪ್ಪದೆ ತಿರುಗಿತು. ಚಕ್ರವಾದಾಗ ಅದೂ ಸುತ್ತು ಹಾಕಿ ತನ್ನ ಜಾಗಕ್ಕೆ ಬಂದು ನಿಂತಿತು. ಇಲ್ಲದಿರುವುದೊಂದು ಅಷ್ಟು ಶಿಸ್ತಾಗಿ ನಡೆಯುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ತೀರ್ಪುಗಾರ ಎಂದಿನಂತೆ ಒಬ್ಬೊಬ್ಬರ ಮುಂದೆ ಬಾಗುತ್ತ ಬಂದವನು, ಕೊನೆಯ ಪೆಟ್ಟು ಬಿದ್ದಾಗ ಆ ಬಯಲಿನ ಮುಂದಿದ್ದ. ಅವನ ಪೆನ್ನು ಹಾಳೆಯ ಮೇಲೆ ಇಳಿಯಿತು. ಆಮೇಲೆ ತಲೆಯೆತ್ತಿ, ಎದುರಿಗೆ ಯಾರೂ ಇಲ್ಲದ್ದನ್ನು ನೋಡಿ, ಪೆನ್ನನ್ನು ಹಾಗೇ ಹಿಡಿದು ನಿಂತ. ಒಂದು ಕೋಲು ಮುಂಚೆ ಬಿದ್ದದ್ದು ನನಗೂ ಕೇಳಿಸಿತ್ತು.

ಎದುರಿನ ಕಾಂಕ್ರೀಟ್ ಮೆಟ್ಟಿಲುಗಳ ಪ್ರತಿಧ್ವನಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಆದರೆ ವೃತ್ತಿಧರ್ಮ ಅಡ್ಡ ಬಂತು. ಪ್ರತಿಧ್ವನಿ ಎಷ್ಟೇ ಆತುರದ್ದಾದರೂ ಮೂಲಧ್ವನಿಯನ್ನು ಹಿಂದೆ ಹಾಕಿ ಬರಲಾರದು. ಅದರ ಜಾತಕದಲ್ಲೇ ತಡವಾಗುವುದು ಬರೆದಿದೆ. ಪಕ್ಕದ ಹುಡುಗರಿಗೆ ರೇಯ ಚಾಳಿ ಅಂಟಿರಬೇಕೆಂದು ಇನ್ನೊಂದು ಸಮಾಧಾನ ಹುಡುಕಿದೆ. ಅಂದಿನಿಂದ ಆ ತಂಡ ನುಡಿಸುವಾಗ ಕೊನೆಯ ಮೌನ ಹತ್ತಿರವಾದಂತೆಲ್ಲ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಹೀಗೇ ಎರಡು ಬೇಸಿಗೆ ಕಳೆಯಿತು. ಮೂರನೆಯದರ ಹೊತ್ತಿಗೆ ಆ ಜಾಗಕ್ಕೆ ಹೊಸ ಹುಡುಗನನ್ನು ನಿಲ್ಲಿಸಬೇಕೆಂದು ತಂಡದವರು ಯೋಚಿಸಿದರು. ಫ್ರ್ಯಾಂಕ್ ಒಪ್ಪಿದ, ಡಾರತಿ ಒಪ್ಪಲಿಲ್ಲ. ತಾಯಿಯ ಮಾತು ಮೀರಿ ಜಾಗ ತುಂಬುವ ಧೈರ್ಯ ಯಾರಿಗೂ ಇರಲಿಲ್ಲ. ಒಂದು ದಿನ ಫ್ರ್ಯಾಂಕ್ ಬೇಲಿಯ ಬಳಿ ನಿಂತು, ನನ್ನ ಮುಖ ನೋಡದೆ ಹೇಳಿದ.

"ಶ್ರೀ, ಅವಳಿಗೆ ಅವನ ಪೆಟ್ಟು ಕೇಳಿಸುತ್ತಂತೆ. ಆ ಖಾಲಿ ಜಾಗದಿಂದ. ಅದಕ್ಕೇ ಬೇರೆಯವನನ್ನ ನಿಲ್ಲಿಸೋಕೆ ಬಿಡಲ್ಲ ಅಂತಾಳೆ. ಊಟ ಮಾಡ್ತಿಲ್ಲ, ನನ್ನ ಜೊತೆ ಮಾತೂ ಇಲ್ಲ. ನೀನು ಎಕೋ ಕೆಲಸದವನು. ಅದು ಬರೀ ಎಕೋ ಅಂತ ಒಂದು ಮಾತು ಹೇಳು. ನೀನು ಹೇಳಿದ್ರೆ ನಂಬ್ತಾಳೆ."

ಶ್ರೀನಿವಾಸ ಎಂಬ ನನ್ನ ಹೆಸರಿನಲ್ಲಿ ಅವನ ನಾಲಿಗೆಗೆ ದಕ್ಕಿದ್ದು ಅಷ್ಟೇ. ಆ ಒಂದಕ್ಷರವನ್ನು ಅವನು ಅಷ್ಟು ದೈನ್ಯದಿಂದ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆಗಲಿ ಎಂದೆ.

ಭಾನುವಾರ ಮಧ್ಯಾಹ್ನ ಇಬ್ಬರೂ ನಮ್ಮ ಮನೆಗೆ ಬಂದರು. ಫ್ರ್ಯಾಂಕ್ ತನ್ನ ಟೇಪ್ ರೆಕಾರ್ಡರ್ ತಂದಿದ್ದ. ಸ್ಪರ್ಧೆಗಳನ್ನೆಲ್ಲ ಅವನು ಅದರಲ್ಲಿ ಹಿಡಿದಿಟ್ಟಿದ್ದ. ಶಾರದೆ ಕಾಫಿ ತಂದಿಟ್ಟಳು, ಯಾರೂ ಮುಟ್ಟಲಿಲ್ಲ. ಡಾರತಿ ತೀರ ಇಳಿದುಹೋಗಿದ್ದಳು. ಮೊದಲು ರೇ ಇದ್ದ ಕಾಲದ ಟೇಪು ಹಾಕಿದೆವು. ಕೊನೆಯ ಮೌನ, ಮುಂಚೆ ಬಿದ್ದ ಅವನ ಕೋಲು, ಅದರ ಬೆನ್ನಿಗೇ ಎಲ್ಲರದು. ಫ್ರ್ಯಾಂಕ್ ಕಿಟಕಿಯ ಕಡೆ ತಿರುಗಿಕೊಂಡ. ಆಮೇಲೆ ಹೋದ ಬೇಸಿಗೆಯದನ್ನು ಹಾಕಿದೆವು. ಬ್ಯೂಗಲ್ಲುಗಳು ಎಂದಿನಂತೆ ಮೇಲಿನ ಸ್ವರದಲ್ಲಿ ಕೀರಲಾದವು, ಡ್ರಮ್ಮುಗಳು ಹೊಕ್ಕವು, ಏರಿದವು, ನಿಂತವು. ನಮ್ಮ ಕೋಣೆಯೊಳಗೆ ಆ ಮೌನ ಮೈದಾನದಲ್ಲಿದ್ದುದಕ್ಕಿಂತ ಉದ್ದವಾಗಿತ್ತು. ಪೆಟ್ಟು ಬಿತ್ತು.

"ಎಕೋ," ಎಂದೆ ನಾನು. "ಎದುರಿನ ಗೋಡೆಯದು. ಅಂಥ ಮೈದಾನದಲ್ಲಿ ಹಾಗಾಗೋದು ಸಹಜ."

ಡಾರತಿ ಟೇಪಿನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ನನ್ನ ತೊಡೆಯ ಮೇಲಿತ್ತು. ಅಲ್ಲಿ ನನ್ನ ಬಲಗೈ, ಯಾರ ಅಪ್ಪಣೆಯನ್ನೂ ಕೇಳದೆ, ಎಲ್ಲರ ಕೋಲಿಗಿಂತ ಕೂದಲೆಳೆಯಷ್ಟು ಮುಂಚೆ ಬಿದ್ದು, ಹಾಗೇ ಅಂಗಾತ ಕಲ್ಲಾಗಿ ಕುಳಿತಿತ್ತು.

"ನಿಮಗೂ ಕೇಳಿಸಿತು," ಎಂದಳು. ಅವಳ ದನಿಯಲ್ಲಿ ಗೆದ್ದ ಭಾವವಿರಲಿಲ್ಲ. ತುಂಬ ದಿನ ಹೊತ್ತ ಭಾರ ಕೆಳಗಿಟ್ಟವರ ಹಾಗೆ ನಿಟ್ಟುಸಿರು ಬಿಟ್ಟು, ತಣ್ಣಗಾದ ಕಾಫಿಯನ್ನು ಕುಡಿದಳು. "ನನಗೊಬ್ಬಳಿಗೇ ಕೇಳೋದು, ನನಗೆ ತಲೆ ಕೆಟ್ಟಿದೆ ಅಂತ ಹೆದರಿದ್ದೆ. ಅಷ್ಟೇ ಬೇಕಾಗಿದ್ದು." ಆಮೇಲೆ ಗಂಡನ ಕಡೆ ತಿರುಗಿ, "ಆ ಹುಡುಗನನ್ನ ನಿಲ್ಲಿಸಿ, ಫ್ರ್ಯಾಂಕ್. ರೇ ಇದ್ದಾನೆ. ಅವನಿಗೆ ಜಾಗ ಬೇಕಾಗಿಲ್ಲ" ಎಂದಳು. ಫ್ರ್ಯಾಂಕ್ ಅವಳನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದ. ಅವನಿಗೆ ಕೊನೆಯವರೆಗೂ ಏನೂ ಕೇಳಿಸಿರಲಿಲ್ಲ. ಅವರು ಹೋದ ಮೇಲೆ ಶಾರದೆ ದೇವರ ಮುಂದೆ ಹೊತ್ತಲ್ಲದ ಹೊತ್ತಿನಲ್ಲಿ ದೀಪ ಹಚ್ಚಿದಳು.

ಜಾಗ ತುಂಬಿದ ಮೇಲಿನ ಮೊದಲ ಸ್ಪರ್ಧೆ ಜರ್ಸಿ ಸಿಟಿಯ ಕಡೆಯ ಮೈದಾನದಲ್ಲಿ ನಡೆಯಿತು. ಡಾರತಿ ಫ್ರ್ಯಾಂಕನಿಗೂ ನನಗೂ ನಡುವೆ ಕುಳಿತಿದ್ದಳು. ಕೆಂಪು ಕೂದಲಿನ ಹೊಸ ಹುಡುಗ ಆ ಬಯಲಿನಲ್ಲಿ ಅಳುಕುತ್ತ ನಿಂತಿದ್ದ. ತಂಡ ಎಂದಿಗಿಂತ ಚೆನ್ನಾಗಿ ನುಡಿಸಿತು. ಹಿತ್ತಾಳೆ ಕೂಡ ಅಂದು ಶ್ರುತಿ ಬಿಡಲಿಲ್ಲ, ಡ್ರಮ್ಮಿನ ಸಾಲು ಗೋಡೆಯಷ್ಟು ಗಟ್ಟಿಯಾಗಿತ್ತು. ಕೊನೆಯ ಮೌನ ಬಂತು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ಅವಳು ಮೈದಾನ ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು.

ಕಿವಿ ಚಾಚಿ ಕಾದೆ. ಏನೂ ಬರುತ್ತಿಲ್ಲವೆಂದು ನನಗೆ ಪೆಟ್ಟಿಗೆ ಮೊದಲೇ ತಿಳಿಯಿತು. ಅದು ಹೇಗೆಂದು ಹೇಳಲಾರೆ. ಪಕ್ಕದ ಕೋಣೆಯಲ್ಲಿ ಜನವಿಲ್ಲವೆಂದು ಹೇಗೆ ತಿಳಿಯುತ್ತದೋ ಹಾಗೆ. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. ಹುಟ್ಟಿದಂದಿನಿಂದ ನನ್ನ ಮಾತು ಕೇಳದಿದ್ದ ಆ ಕೈಯನ್ನು ಅಂದು ಮೊದಲ ಬಾರಿಗೆ ನಾನೇ ಎತ್ತಿ, ಎಲ್ಲರಿಗಿಂತ ಮುಂಚೆ, ತೊಡೆಯ ಮೇಲೆ ಹಾಕಿದೆ. ಅದರ ಹಿಂದೆಯೇ ಎಲ್ಲ ಕೋಲುಗಳೂ ಒಂದಾಗಿ, ಒಂದೂ ಮುಂಚೆಯಿಲ್ಲದೆ, ಒಂದೂ ಹಿಂದಿಲ್ಲದೆ ಬಿದ್ದವು. ಮೈದಾನ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಡಾರತಿ ಏಳಲಿಲ್ಲ. ಮೆಲ್ಲಗೆ ತಲೆಯಾಡಿಸಿ, ನನ್ನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಅಲ್ಲ, ಶ್ರೀ. ಅದು ನೀವು ಹಾಕಿದ್ದು," ಎಂದಳು. "ರೇ ಯಾವತ್ತೂ ಅಷ್ಟು ಮುಂಚೆ ಬರ್ತಿರಲಿಲ್ಲ."

ಹೇಳುವಾಗ ಅವಳು ನಗುತ್ತಿದ್ದಳು, ನಗುತ್ತಲೇ ಅಳತೊಡಗಿದಳು. ಮನೆಗೆ ಸೈನ್ಯದವರು ಬಂದು ಹೋದಂದಿನಿಂದ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲವಂತೆ. ಫ್ರ್ಯಾಂಕ್ ನನಗೆ ಆಮೇಲೆ ಹೇಳಿದ. ಅಷ್ಟರಲ್ಲಿ ಮುಂದಿನ ತಂಡ ಬಂದು ನುಡಿಸತೊಡಗಿತ್ತು. ಅವರ ಹಿತ್ತಾಳೆ ಹೇಗಿತ್ತು, ಡ್ರಮ್ಮು ಹೇಗಿತ್ತು, ನಮ್ಮವರಿಗಿಂತ ಮೇಲೋ ಕೀಳೋ ಎಂದು ಹಿಂದಿನ ಸಾಲಿನವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವಳ ಅಂಗೈಯ ಕೆಳಗೆ ನನ್ನ ಬಲಗೈ ಕಡೆಯ ತಂಡ ಹೋಗುವವರೆಗೂ ಸುಮ್ಮನೆ ಕುಳಿತಿತ್ತು.