ರೀಲ್ಸಿನ ಕೊನೆ ಹುಡುಕಿದ ಜವರಯ್ಯ

"ಅಲ್ಲ ಕಣಕ್ಕ, ನೀನೇ ಹೇಳು. ನಾನು ಮೀಸೆ ಮೂಡೋಕ್ ಮುಂಚಿಂದ ನೂಲಿನ ಮಿಲ್ಲಲ್ಲಿ ದುಡಿದೋನು. ಸಣ್ಣ ಬಾಬಿನ್‌ನಲ್ಲಿರೋ ನೂಲ್ನ ದೊಡ್ಡ ಉಂಡೆಗೆ ಸುತ್ತೋ ಮಿಷನ್ ನೋಡ್ಕೊಳ್ಳೋದು ನಮ್ ಕೆಲ್ಸ. ನೂಲು ತುಂಡಾಯ್ತಾ, ತುದಿ ಹುಡುಕು, ಗಂಟು ಹಾಕು, ಬುಡು. ಇಷ್ಟೇಯ. ಎಷ್ಟೇ ಸುತ್ತಿರ್ಲಿ, ಬಾಬಿನ್ನು ಒಂದ್ಸಲ ಖಾಲಿ ಆಗೇ ಆಯ್ತದೆ. ಖಾಲಿ ಆಗ್ದೇ ಇರೋ ಬಾಬಿನ್ನ ನಾನಂತೂ ಕಂಡಿಲ್ಲ. ಈಗ ನಮ್ ವರ್ಷಿಣಿ ನೋಡ್ತಾಳಲ್ಲ ರೀಲ್ಸು, ಅದ್ನೂ ಯಾರೋ ಮಾಡಿ ಒಳಗೆ ತುಂಬವ್ರೆ ತಾನೆ? ಅಂದ್ಮೇಲೆ ಅದಕ್ಕೂ ಒಂದು ಕೊನೆ ಇರ್ಲೇಬೇಕು. ಕೂಸಿಗೆ ತಾಳ್ಮೆ ಸಾಲ್ದು, ಅಲ್ಲಿಗಂಟ ಹೋಗಿಲ್ಲ. ನಾನು ಕೂತ್ಕತೀನಿ. ಭಾನುವಾರ ತಿಂಡಿ ತಿಂದು ಶುರು ಮಾಡಿದ್ರೆ ಮಧ್ಯಾಹ್ನದೊಳಗೆ ಮುಗಿಸ್ಬುಡ್ತೀನಿ. ಮುಗಿದ್ಮೇಲೆ ನೋಡಕ್ಕೇನಿರ್ತದೆ? ಅವಳೇ ಫೋನ್ ಕೆಳಗಿಡ್ತಾಳೆ. ಏನಂತೀಯ?"

ನನ್ನ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತು ಜವರಯ್ಯ ನನ್ನೊಬ್ಬಳಿಗೇ ಎಂದು ಹೇಳಿದ ಮಾತಿದು. ಇಡೀ ಬೀದಿಗೆ ಕೇಳಿಸಿತು. ಮಿಲ್ಲಿನ ಸದ್ದಿನಲ್ಲಿ ಅವನ ಕಿವಿ ಮಂದವಾಗಿ ಬಹಳ ವರ್ಷವಾಯಿತು. ತನಗೆ ಕೇಳಿಸುವಷ್ಟು ಜೋರಾಗಿ ಮಾತಾಡುತ್ತಾನೆ, ಅಷ್ಟೆ. ನನಗಿಂತ ಚಿಕ್ಕವನು, ತಮ್ಮನ ಹಾಗೆ. ಮೇಟಗಳ್ಳಿಯ ಈ ಬೀದಿಯಲ್ಲಿ ಅವನ ಮನೆಗೂ ನನ್ನ ಮನೆಗೂ ಒಂದೇ ಗೋಡೆ.

ಹೆಂಡತಿ ಹೋದ ಮೇಲೆ ಅವನ ಹಗಲೆಲ್ಲ ಮೊಮ್ಮಗಳದ್ದೇ. ಮಗ ದಿಲೀಪ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಇರುವುದೇ ಕಡಿಮೆ. ಸೊಸೆ ಕುಸುಮ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಮೂರನೇ ಕ್ಲಾಸಿನ ವರ್ಷಿಣಿ ಶಾಲೆಯಿಂದ ಬಂದರೆ ತಾತನೇ ಕಾಫಿ ಕೊಡಬೇಕು, ತಾತನೇ ಜಡೆ ಬಿಚ್ಚಬೇಕು. ತುರ್ತಿಗೆ ಇರಲಿ ಎಂದು ಕುಸುಮ ತನ್ನ ಹಳೆಯ ಫೋನನ್ನು ಮಾವನ ಹತ್ತಿರ ಬಿಟ್ಟಿದ್ದಳು. ಅದು ಮಾವನ ಕೈಗೆ ಸಿಕ್ಕಿದ್ದೇ ಕಮ್ಮಿ. ಹುಡುಗಿ ಅದನ್ನು ಹಿಡಿದು ಮೂಲೆ ಸೇರಿದರೆ, ಕಿವಿ ಕೇಳದ ಇವನು "ಎಷ್ಟು ಒಳ್ಳೇ ಕೂಸು, ಸದ್ದೇ ಇಲ್ಲ" ಎಂದುಕೊಂಡಿದ್ದ. ಆ ಸದ್ದನ್ನು ಗೋಡೆಯಾಚೆ ಕೇಳುತ್ತಿದ್ದವಳು ನಾನು. ಒಂದು ಹಾಡು ಶುರುವಾಗುವಷ್ಟರಲ್ಲಿ ನಗು, ನಗು ಮುಗಿಯುವಷ್ಟರಲ್ಲಿ ನಾಯಿ ಬೊಗಳುವುದು, ಮತ್ತೆ ಹಾಡು. ಯಾವುದೂ ಪೂರ್ತಿ ಇಲ್ಲ.

ಆಮೇಲೆ ಹುಡುಗಿಗೆ ತಲೆನೋವು ಬಂತು. ಊಟ ಬೇಡವಾಯಿತು. ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ಟೀಚರ್ ಕುಸುಮಳನ್ನು ಕರೆಸಿದರು. ಡಾಕ್ಟರು ಕಣ್ಣು ನೋಡಿ, ದೋಷವೇನಿಲ್ಲ, ಒಣಗಿದೆ, ನಿದ್ದೆಯೂ ಸಾಲದು, ಫೋನು ಕಡಿಮೆ ಮಾಡಿ ಹೊರಗೆ ಆಡಲು ಬಿಡಿ ಎಂದರಂತೆ. "ಮಲಗಿದ್ಮೇಲೂ ಹೆಬ್ಬೆಟ್ಟು ಮೇಲಕ್ಕೆ ತಳ್ತಾನೇ ಇರುತ್ತೆ ಅಜ್ಜಿ" ಎಂದು ಕುಸುಮ ನನ್ನ ಹತ್ತಿರ ಕಣ್ಣೊರೆಸಿಕೊಂಡಳು. ಕಿತ್ತುಕೊಂಡರೆ ಹುಡುಗಿ ಅತ್ತು ಅತ್ತು ವಾಂತಿ ಮಾಡಿಕೊಳ್ಳುತ್ತಿದ್ದಳು. ಅದನ್ನು ನೋಡಲಾರದೆ ತಾತ ಮತ್ತೆ ಕೊಟ್ಟುಬಿಡುತ್ತಿದ್ದ.

"ನಿಮ್ ಕೈಲಿ ಆಗಲ್ಲ ಬುಡಿ ಮಾವ" ಎಂದಳು ಕುಸುಮ. "ಪರೀಕ್ಷೆ ಮುಗೀಲಿ. ನರಸೀಪುರದಲ್ಲಿ ನಮ್ಮಮ್ಮನ ಮನೇಲಿ ಬಿಟ್ಟು ಅಲ್ಲೇ ಸ್ಕೂಲಿಗೆ ಸೇರಿಸ್ತೀನಿ."

ಜವರಯ್ಯನ ಮುಖ ಸಣ್ಣದಾಯಿತು. ವರ್ಷಿಣಿ ಹೋದರೆ ಆ ಮನೆಯಲ್ಲಿ ಹಗಲು ಹೊತ್ತು ಅವನೂ ಗಡಿಯಾರವೂ ಇಬ್ಬರೇ. ಆ ಚಿಂತೆಯಲ್ಲೇ ಅವನಿಗೆ ಕೊನೆ ಹುಡುಕುವ ಯೋಚನೆ ಹೊಳೆದದ್ದು. ನಾನು ಬೇಡ ಎನ್ನಲಿಲ್ಲ. ನನಗೂ ಕೊನೆಯಲ್ಲಿ ಏನಿರಬಹುದು ಎಂಬ ಕುತೂಹಲ.

ಭಾನುವಾರ ಬಂತು. ಕುಸುಮಳಿಗೆ ಅಂದು ಮಧ್ಯಾಹ್ನದ ತನಕ ಗಾರ್ಮೆಂಟ್ಸಿನಲ್ಲಿ ಓಟಿ ಕೆಲಸ. ತಾತ, ಮೊಮ್ಮಗಳು ಚಾಪೆ ಹಾಸಿ ಗೋಡೆಗೆ ಒರಗಿ ಕೂತರು. ತನ್ನ ಜೊತೆ ದೊಡ್ಡವರೊಬ್ಬರು ನೋಡಲು ಕೂತದ್ದು ಅದೇ ಮೊದಲು. ವರ್ಷಿಣಿಗೆ ಹಿಡಿಸಲಾರದ ಖುಷಿ. ನಾನು ಹೊರಗೆ ಅಕ್ಕಿ ಆರಿಸುತ್ತಾ ಕೇಳುತ್ತಿದ್ದೆ.

"ಲೇ, ನಿಲ್ಸು ನಿಲ್ಸು. ಆ ಬೆಕ್ಕು ಬೀರು ಮೇಲಿಂದ ನೆಗೀತಲ್ಲ, ಎಲ್ಲಿ ಬಿತ್ತು?"

"ಗೊತ್ತಿಲ್ಲ ತಾತ. ಅದು ಅಷ್ಟೇ."

"ಅಷ್ಟೇ ಅಂದ್ರೆ? ನೆಗೆದ್ಮೇಲೆ ಬಿದ್ದಿರ್ಬೇಕಲ್ಲ!"

"ಅಯ್ಯೋ ತಾತ, ನೆಕ್ಸ್ಟ್ ಬಂತು ನೋಡು."

"ಈವಯ್ಯ ಯಾರು? ಮೆಟ್ಲಿಂದ ಬಿದ್ನಲ್ಲ. ಎದ್ನಾ?"

"ನೀನ್ ಹಿಂಗೆ ಕೇಳ್ತಿದ್ರೆ ಕೊನೆ ಸಿಗಲ್ಲ, ಸುಮ್ನೆ ನೋಡು."

ಸುಮ್ಮನೆ ನೋಡಿದ. ಬೆಳಿಗ್ಗೆ ಎಲ್ಲದಕ್ಕೂ ಪ್ರಶ್ನೆ ಕೇಳುತ್ತಿದ್ದವನ ದನಿ ಬರುಬರುತ್ತಾ ವಿರಳವಾಯಿತು, ಆಮೇಲೆ ನಿಂತೇಹೋಯಿತು. ಬಿಸಿಲು ನನ್ನ ಕಾಲಿನ ಹತ್ತಿರ ಬಂದಿತ್ತು. ಸೀದ ವಾಸನೆ ಮೂಗಿಗೆ ಬಡಿದು ನಾನು ಅವರ ಮನೆಯೊಳಗೆ ಓಡಿದೆ. ಒಲೆಯ ಮೇಲೆ ಸಾರಿಗಿಟ್ಟ ಬೇಳೆ ಕರಕಲಾಗಿತ್ತು. ಇಬ್ಬರೂ ತಲೆ ಎತ್ತಲಿಲ್ಲ. ಫೋನು ಈಗ ತಾತನ ಕೈಯಲ್ಲಿತ್ತು. ಅವನ ಹೆಬ್ಬೆರಳು ತಾನೇ ತಾನಾಗಿ ಮೇಲಕ್ಕೆ ತಳ್ಳುತ್ತಿತ್ತು.

ಒಲೆ ಆರಿಸಿ ಅವನ ಭುಜ ಅಲುಗಿಸಿದೆ. "ಜವರಯ್ಯ, ಕೊನೆ ಸಿಕ್ತೇನೋ?"

ನಿದ್ದೆಯಿಂದ ಎದ್ದವನ ಹಾಗೆ ನೋಡಿದ. "ಈಗಿನ್ನೂ ಕೂತ್ವಲ್ಲಕ್ಕ."

"ಊಟದ ಹೊತ್ತಾಯ್ತು ಕಣಪ್ಪ. ಏನೇನು ನೋಡ್ದೆ, ಹೇಳು."

"ಬೆಕ್ಕು" ಎಂದ. ಬಾಯಿ ತೆರೆದೇ ಇತ್ತು. "ಮೆಟ್ಲಿಂದ ಬಿದ್ದವನು. ಆಮೇಲೆ... ಬೇಕಾದಷ್ಟು ನೋಡ್ದೆ. ಒಂದೂ ಬಾಯಿಗೆ ಬರ್ತಿಲ್ಲ." ವರ್ಷಿಣಿಯ ಕಡೆ ತಿರುಗಿದ. ಅವಳಿಗೂ ಬರಲಿಲ್ಲ. ತಾತ ಪ್ರಶ್ನೆ ಕೇಳಿ ನಿಲ್ಲಿಸಿದ್ದ ರೀಲ್ಸುಗಳು ಮಾತ್ರ ಇಬ್ಬರ ನೆನಪಲ್ಲೂ ಉಳಿದಿದ್ದವು. ಇದು ನನಗೆ ಬಹಳ ಸೋಜಿಗವಾಯಿತು.

ಅಷ್ಟರಲ್ಲಿ ಕುಸುಮ ಬಂದಳು. ಪಾತ್ರೆ ನೋಡಿದಳು, ಫೋನು ನೋಡಿದಳು. "ಚೆನ್ನಾಗೈತೆ! ಒಂದು ಮಗು ಸಾಕಾಗಿರ್ಲಿಲ್ಲ ಅಂತ ನೀವೂ ಮಗು ಆಗ್ಬುಟ್ರಾ ಮಾವ? ಮನೆ ಹತ್ಕೊಂಡಿದ್ರೆ?"

"ಬೈಯಮ್ಮ, ಬೈಸ್ಕೊಳ್ಳೋ ಕೆಲ್ಸಾನೇ" ಎಂದ ಜವರಯ್ಯ. "ಒಂದು ಗಳಿಗೆ ಅಂತ ಕೂತೆ, ಹೊತ್ತು ಹೋಗಿದ್ದೇ ತಿಳೀಲಿಲ್ಲ. ಈ ವಯಸ್ಸಲ್ಲಿ ನನಗೇ ಹಿಂಗಾದ್ರೆ, ಈ ಕೂಸಿಗೆ ಬುದ್ಧಿ ಇಲ್ಲ ಅಂತಿದ್ವಲ್ಲ ನಾವು."

ಕುಸುಮ ಚಪ್ಪಲಿ ಬಿಟ್ಟು ಗೋಡೆಗೆ ಒರಗಿದಳು. "ನಾನೇನು ಕಮ್ಮಿ? ಕಂಪ್ನಿ ಬಸ್ಸಲ್ಲಿ ನಂದೂ ಅದೇ ಕತೆ" ಎಂದಳು, ಮೆಲ್ಲಗೆ.

ಜವರಯ್ಯ ತಲೆ ಕೆರೆದುಕೊಂಡ. "ನಾನೊಂದು ಮರ್ತಿದ್ದೆ ಕಣಕ್ಕ. ಬಾಬಿನ್ ಖಾಲಿ ಆಯ್ತು ಅಂತ ನಾವು ಯಾವತ್ತು ಮನೆಗೆ ಹೋಗಿದ್ವಿ? ಒಂದು ಖಾಲಿ ಆದ್ರೆ ಇನ್ನೊಂದು ಸಿಗಿಸೋರು. ಮಿಷನ್ ನಿಂತಿದ್ದೇ ಇಲ್ಲ. ಸೈರನ್ ಕೂಗ್ತಿತ್ತು, ಕೈ ಒರೆಸ್ಕೊಂಡು ಎದ್ದು ಬರ್ತಿದ್ವಿ. ಇದಕ್ಕೂ ಒಂದು ಸೈರನ್ ಬೇಕು."

ನಮ್ಮ ಕಡೆ ಸಂಜೆ ಐದೂವರೆಗೆ ಒಂದು ಕಾರ್ಖಾನೆಯ ಸೈರನ್ ಈಗಲೂ ಕೂಗುತ್ತದೆ. ಅದು ಕೂಗುವ ತನಕ ಫೋನು, ಕೂಗಿದ ಮೇಲೆ ಅದು ನನ್ನ ಮನೆಯ ಅಕ್ಕಿ ಡಬ್ಬದೊಳಗೆ, ಬೆಳಿಗ್ಗೆಯವರೆಗೆ. ಹಾಗೆಂದು ಮಾತಾಯಿತು.

"ಲಾರಿ ಹಾರನ್ನೇ ಕೇಳಿಸ್ದಿರೋ ನಿಮಗೆ ಸೈರನ್ ಹೆಂಗೆ ಕೇಳ್ಸುತ್ತೆ?" ಎಂದಳು ಕುಸುಮ.

"ನಾನ್ ಹೇಳ್ತೀನಿ ತಾತಂಗೆ" ಎಂದಳು ವರ್ಷಿಣಿ.

"ನೀನಾ? ಸರಿಹೋಯ್ತು! ಪರೀಕ್ಷೆವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನರಸೀಪುರವೇ."

ಮಾರನೇ ದಿನ ಸೈರನ್ ಕೂಗಿತು. ನಾನು ಬಾಗಿಲಲ್ಲೇ ಇದ್ದೆ. ಹುಡುಗಿ ತಲೆ ಎತ್ತಿದಳು, ಬಟ್ಟೆ ಮಡಿಸುತ್ತಿದ್ದ ತಾತನನ್ನು ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ಹೇಳುವುದು ಅವಳ ಕೆಲಸ ಎಂದು ನಾನು ಸುಮ್ಮನಿದ್ದೆ. ಕತ್ತಲಾಗುವಾಗ ಜವರಯ್ಯ ಕೇಳಿದ, "ಇವತ್ತು ಕೂಗ್ಲಿಲ್ವೇನವ್ವ?"

"ಇಲ್ಲ ತಾತ."

"ಮಿಷನ್ ಕೆಟ್ಟಿರ್ಬೇಕು, ಪಾಪ."

ಹೀಗೆ ಇನ್ನೂ ಕೆಲವು ದಿನ ಸೈರನ್ ಕೆಟ್ಟೇ ಇತ್ತು. ಜವರಯ್ಯನಿಗೆ ಅದರದ್ದೇ ಯೋಚನೆ ಹತ್ತಿತು. ಶನಿವಾರ ಷರಟು ತೊಟ್ಟು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. "ಗೇಟಿನ ಹತ್ರ ಹೋಗಿ ವಾಚ್‌ಮನ್ನ ಕೇಳ್ಕೊಂಡು ಬತ್ತೀನಿ ಕಣಕ್ಕ. ಇಷ್ಟು ದಿನ ರಿಪೇರಿ ಮಾಡ್ದೆ ಬಿಡ್ತಾರಾ? ಜನಕ್ಕೆ ಮನೆಗೆ ಹೋಗೋ ಹೊತ್ತು ಹೆಂಗೆ ಗೊತ್ತಾಗ್ಬೇಕು?"

ಬೀದಿಯ ಅರ್ಧಕ್ಕೆ ಹೋಗಿದ್ದ. ವರ್ಷಿಣಿ ಓಡಿಹೋಗಿ ಅವನ ಪಂಚೆ ಹಿಡಿದಳು. "ತಾತ, ಹೋಗ್ಬೇಡ. ಅದು ಕೂಗ್ತು. ದಿನಾ ಕೂಗ್ತು" ಎಂದು ಬಿಕ್ಕಿದಳು.

ಅವನು ಬೈಯುತ್ತಾನೆಂದು ನಾನೂ ಕಾದೆ. ಅವನು ಬಗ್ಗಿ, "ಹೌದಾ? ಹೆಂಗ್ ಕೂಗುತ್ತೆ ಈಗ? ನಾನು ಕೇಳಿ ಎಷ್ಟೋ ವರ್ಷ ಆಯ್ತು. ಕೂಗಿ ತೋರ್ಸು ನೋಡಾನ" ಎಂದ. ಅವಳು ಎರಡೂ ಕೈ ಅವನ ಕಿವಿಗೆ ಕೊಳವೆ ಮಾಡಿ, ಮೂಗು ಸೋರುತ್ತಿದ್ದರೂ, "ಊಂಊಂಊಂ" ಎಂದು ಉದ್ದಕ್ಕೆ ಕೂಗಿದಳು. ಜವರಯ್ಯ ಕಣ್ಣು ಮುಚ್ಚಿ ಕೇಳಿಸಿಕೊಂಡ. "ಇದೇ ಕಣಕ್ಕ! ಅದೇ ದನಿ!"

ಅಂದಿನಿಂದ ನಮ್ಮ ಬೀದಿಗೆ ಎರಡು ಸೈರನ್. ಕಾರ್ಖಾನೆಯದು ನಿಂತೊಡನೆ ವರ್ಷಿಣಿಯದು. ಆಮೇಲೆ ಫೋನು ತಂದು ನನ್ನ ಅಕ್ಕಿಯೊಳಗೆ ಹೂಳಿ, ಬೀದಿಗೆ ಆಡಲು ಹೋಗುತ್ತಿದ್ದಳು. ಕೆಲವು ದಿನ ಕಾಲು ಅಪ್ಪಳಿಸಿಕೊಂಡೇ ತಂದಳು. ಒಂದು ದಿನ ಡಬ್ಬದ ಮುಚ್ಚಳ ಎಸೆದಳು. ತಲೆನೋವು ತಟ್ಟನೆ ಹೋಗಲಿಲ್ಲ, ಬರುವುದು ಕಡಿಮೆಯಾಯಿತು. ಉಂಡ ಮೇಲೆ ತಾನಾಗಿ ನಿದ್ದೆ ಹೋಗುತ್ತಾಳೆ ಎಂದು ಕುಸುಮ ಹೇಳಿದಳು. ಟೀಚರ್ ಮತ್ತೆ ಕರೆಸಲಿಲ್ಲ. ಮೆಟ್ಟಿಲಿಂದ ಬಿದ್ದವನು ಎದ್ದನೋ ಇಲ್ಲವೋ ಎಂಬುದು ಮಾತ್ರ ತಾತ, ಮೊಮ್ಮಗಳ ನಡುವೆ ಇನ್ನೂ ತೀರ್ಮಾನವಾಗಿಲ್ಲ. ಅವನು ಎದ್ದು ಕಾಫಿ ಕುಡಿಯಲು ಹೋದ ಎಂಬುದು ತಾತನ ಪಕ್ಷ. ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಎಂಬುದು ಅವಳದು.

ಪರೀಕ್ಷೆ ಮುಗಿದ ದಿನ ನಾವು ಮೂವರೂ ಬಾಗಿಲಲ್ಲಿ ಕೂತಿದ್ದೆವು. ಕುಸುಮ ದಂಟಿನ ಸೊಪ್ಪಿನ ಕಟ್ಟು ಹಿಡಿದು ಬಂದಳು. ಜವರಯ್ಯ ಎದ್ದು ನಿಂತು, ಎಂದಿಲ್ಲದ ಸಣ್ಣ ದನಿಯಲ್ಲಿ, "ಅವಳ ಬಟ್ಟೆ ತುಂಬ್ಬೇಕಾ ಅಮ್ಮ?" ಎಂದ.

"ತುಂಬಿ. ಎರಡೇ ಜೊತೆ ಸಾಕು" ಎಂದಳು ಕುಸುಮ. "ಒಂದು ವಾರ ನರಸೀಪುರದ ಅಜ್ಜಿ ಮನೇಲಿ ಇದ್ದು ಬರ್ತಾಳೆ. ಆಮೇಲೆ ಸ್ಕೂಲು ಇಲ್ಲೇ. ಅವಳು ಅಲ್ಲಿದ್ರೆ ಇಲ್ಲಿ ನಿಮಗೆ ಸೈರನ್ ಕೂಗೋರ್ಯಾರು?"

ಜವರಯ್ಯನಿಗೆ ಅರ್ಧ ಕೇಳಿಸಲಿಲ್ಲ. ವರ್ಷಿಣಿ ಅವನ ಕಿವಿಗೆ ಬಾಯಿಟ್ಟು ಪೂರ್ತಿ ಹೇಳಿದಳು. ಅವನು ಸೊಪ್ಪಿನ ಕಟ್ಟಿನ ಬಾಳೆನಾರು ಬಿಚ್ಚಿದ. ಅವಳು ಮೊರ ತಂದಿಟ್ಟಳು. ತಾತ ಎಲೆ ಬಿಡಿಸಿ ಮೊರಕ್ಕೆ ಹಾಕಿದ, ಮೊಮ್ಮಗಳು ದಂಟಿನ ನಾರು ಸುಲಿದು ಮುರಿದಳು. ಒಳಗೆ ಕುಸುಮ ಬೇಳೆಗೆ ನೀರಿಟ್ಟಳು.