ಬಳೆಗಾರ್ತಿ ಖಾಲಾಳ ಕೈಗಳು

ಖಾಲಾಳ ಮುಖ ಎಣ್ಣೆಗಪ್ಪು. ಕೈಗಳು ಮಾತ್ರ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಸುಣ್ಣದಲ್ಲಿ ಅದ್ದಿ ತೆಗೆದಷ್ಟು ಬಿಳಿ. ಆ ಕೈಗಳಿಂದಲೇ ಆಕೆ ಮಸ್ಕಿಯ ಹೆಂಗಸರಿಗೆ ಬಳೆ ತೊಡಿಸಿ ಬದುಕಬೇಕಿತ್ತು.

ಖಾಲಾ ಅಂದರೆ ಚಿಕ್ಕಮ್ಮ; ಓಣಿಯೆಲ್ಲ ಆಕೆಯನ್ನು ಹಾಗೇ ಕರೆಯುತ್ತಿತ್ತು. ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ನಾನು ಚಿಕ್ಕವಳಿದ್ದಾಗ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳ ಗಂಟುಗಳನ್ನು ಮೆತ್ತಗೆ ಒತ್ತುತ್ತ, "ಕೈ ಸಡ್ಲ ಬಿಡು ಬೇಟಾ, ಬಳಿ ತಾನಾ ಹೋಗ್ತದ" ಅನ್ನುತ್ತಿದ್ದಳು. ಕೈ ಮುಟ್ಟಿದರೆ ಸಾಕು, ಆಕೆಗೆ ಮನೆಯ ಸುದ್ದಿ ತಿಳಿಯುತ್ತಿತ್ತು. "ಭಾಳ ಅರಿಬಿ ಒಗ್ಯಾಕತ್ತೀಯಲ್ಲ, ಸೊಸಿ ತವರಿಗೆ ಹೋಗ್ಯಾಳೇನು?" ಎಂದು ಅವ್ವನನ್ನು ಕೇಳುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ ಖಾಲಾಳ ಉಗುರಿನ ಪಕ್ಕ ಒಂದು ಬಿಳಿ ಚುಕ್ಕೆ ಬಂತು. ಸುಟ್ಟ ಕಲೆ ಅಂದುಕೊಂಡೆವು. ಅದು ಹರಡತೊಡಗಿತು. "ಬಳಿ ಹೊರಗ ಕಟ್ಟೀ ಮ್ಯಾಲಿಟ್ಟು ಹೋಗ್ರಿ ಖಾಲಾ, ನಾವಾ ಇಟ್ಕೊಂತೀವಿ" ಎಂದು ಹೆಂಗಸರು ಬಾಗಿಲಲ್ಲೇ ಹೇಳತೊಡಗಿದರು. ಆಮೇಲೆ ಕರೆಯುವುದನ್ನೇ ಬಿಟ್ಟರು. ಯಾರೋ ಹೇಳಿದರೆಂದು ಖಾಲಾ ಹಾಲು ಬಿಟ್ಟಳು, ಮೀನು ಬಿಟ್ಟಳು, ಬದನೆಕಾಯಿ ಬಿಟ್ಟಳು. ಇನ್ಯಾರೋ ಕೊಟ್ಟ ಬೇರು ಅರೆದು ಹಚ್ಚಿ ಬೊಬ್ಬೆ ಎಬ್ಬಿಸಿಕೊಂಡಳು. ನಮ್ಮಲ್ಲಿ ಚಹಾಕ್ಕೆ ಬರುವಾಗ ಸೆರಗಿನ ಕೆಳಗೆ ತನ್ನದೇ ಕಪ್ಪು ತರುತ್ತಿದ್ದಳು. ಹಾಗೆ ತಾ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ನನ್ನ ಮದುವೆ ಲಿಂಗಸುಗೂರಿಗಾಯಿತು. ಬಸುರಿಯಾದಾಗ ತವರಲ್ಲಿ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡರು. ಹಸಿರು ಬಳೆಯನ್ನು ಖಾಲಾನೇ ತೊಡಿಸಬೇಕೆಂದು ಕೇಳಲು ಹೋದೆ. ಆಕೆ ಹೊಸ್ತಿಲು ದಾಟಿ ಹೊರಗೆ ಬರಲಿಲ್ಲ.

"ಬ್ಯಾಡ ಬೇಟಾ. ಹೊಟ್ಯಾಗ ಕೂಸದ. ನಾಳೆ ಅದಕ್ಕೊಂದು ಮಚ್ಚಿ ಬಂದ್ರ ಊರೆಲ್ಲಾ ನನ್ನಾ ಅಂತದ."

"ಹಂಗಾದ್ರ ಡಾಕ್ಟರ್‌ನ ಕೇಳೂಣು ನಡಿ" ಎಂದು, ನನ್ನ ತಪಾಸಣೆಗೆ ಹೋಗುವ ದಿನ ಆಕೆಯನ್ನೂ ಬಸ್ಸು ಹತ್ತಿಸಿದೆ.

ಲಿಂಗಸುಗೂರಿನ ಚರ್ಮದ ಡಾಕ್ಟರು ಆಕೆಯ ಎರಡೂ ಕೈಗಳನ್ನು ತಮ್ಮ ಬರಿಗೈಯಲ್ಲಿ ಹಿಡಿದುಕೊಂಡರು. ಬಿಳಿ ಭಾಗದ ಮೇಲೆ ಹತ್ತಿಯ ಎಳೆ ಆಡಿಸಿ, "ಗೊತ್ತಾಗ್ತದೇನ್ರೀ?" ಎಂದರು.

"ಆಗ್ತದ ಸಾಹೇಬ್ರ."

"ಇದು ಕುಷ್ಠ ಅಲ್ರೀ, ತೊನ್ನು. ಚರ್ಮಕ್ಕ ಬಣ್ಣ ಕೊಡೋ ಕಣ ಇರ್ತಾವ. ನಮ್ಮ ಮೈಯಾಗಿನ ರಕ್ಷಣಾ ಶಕ್ತಿನೇ ಅವನ್ನ ವೈರಿ ಅಂತ ತಿಳ್ಕೊಂಡು ಕೊಲ್ತದ. ಮುಟ್ಟಿದ್ರ, ಕೂಡಿ ಉಂಡ್ರ ಯಾರಿಗೂ ಹತ್ತಂಗಿಲ್ಲ. ಹಾಲು, ಮೀನು ಎಲ್ಲಾ ತಿನ್ರಿ."

ಮುಲಾಮು ಬರೆದರು. ಕೆಲವರಿಗೆ ಬಣ್ಣ ಮರಳುತ್ತದೆ, ಆದರೆ ಬೆರಳ ತುದಿಗೆ ಬರುವುದು ಕಷ್ಟ ಎಂದೂ ಮುಚ್ಚಿಡದೆ ಹೇಳಿದರು. ಬಿಳಿಯಾದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ, ಮುಚ್ಚಿಕೊಳ್ಳಿ ಎಂದರು. ಇದರ ಜೊತೆ ಕೆಲವರಿಗೆ ಥೈರಾಯ್ಡ್ ತೊಂದರೆಯೂ ಇರುತ್ತದೆಂದು ರಕ್ತ ಪರೀಕ್ಷೆ ಮಾಡಿಸಿದರು.

ಹಿಂದಿರುಗುವಾಗ ಖಾಲಾ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಅವ್ರು ಹೇಳಿದ್ದೆಲ್ಲಾ ನೀ ನೆನಪಿಟ್ಕೊ" ಎಂದಳು. "ಅವ್ರು ಕೈ ಹಿಡದ ಮ್ಯಾಲೆ ನನಗ ಬ್ಯಾರೆ ಏನೂ ಕೇಳಿಸಲಿಲ್ಲ."

ಕುಬಸದ ದಿನ ಖಾಲಾ ಬಂದಳು. ಗಂಡನ ಮನೆಯ ಕಡೆಯ ಹಿರಿಯರೊಬ್ಬರು, "ಆ ಕೈಲೇ ಇಡಸ್ತೀರೇನು?" ಎಂದು ಗದರಿದರು. ಎಂದೂ ದನಿ ಎತ್ತದ ನಮ್ಮವ್ವ, "ಅದು ಹತ್ತಂಗಿಲ್ಲಂತ ಡಾಕ್ಟರ್ ಹೇಳ್ಯಾರ್ರೀ. ನನ್ನ ಮಗಳಿಗೆ ಆಕೀನೇ ಇಡಸ್ತಾಳ" ಎಂದಳು.

ಖಾಲಾ ಬಳೆಯನ್ನು ಬಿಗಿಯಾಗಿ ಹಿಡಿದು ಒತ್ತಿದಳು. ಮೊದಲ ಬಳೆಯೇ ಒಡೆಯಿತು. ಕುಬಸದಲ್ಲಿ ಬಳೆ ಒಡೆಯುವುದೆಂದರೆ! ಆಕೆ ಕೈ ಹಿಂದೆಗೆದುಕೊಳ್ಳಲು ಹೋದಳು. ನಾನು ಆ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು, "ಕೈ ಸಡ್ಲ ಬಿಡು ಖಾಲಾ" ಎಂದೆ. ಉಳಿದ ಬಳೆಗಳು ಒಂದೊಂದಾಗಿ ನೋವಿಲ್ಲದೆ ಏರಿದವು. ಅಂದು ಬೇರೆ ಯಾವ ಹೆಂಗಸೂ ಕೈ ಚಾಚಲಿಲ್ಲ. ಖಾಲಾ ಬಳೆಗಳ ಮಲಾರ ಕಟ್ಟಿಕೊಂಡು ಒಬ್ಬಳೇ ಹೋದಳು.

ನನ್ನ ಮಗಳು ಆರೋಗ್ಯವಾಗಿ ಹುಟ್ಟಿದಳು; ತವರಿಗೆ ಬಂದಾಗಲೆಲ್ಲ ಖಾಲಾಳ ತೊಡೆಯ ಮೇಲೇ ಆಡುತ್ತಿದ್ದಳು. ಮುಲಾಮಿನಿಂದ ಖಾಲಾಳ ಮಣಿಕಟ್ಟಿನ ಮೇಲೆ ಅಲ್ಲಲ್ಲಿ ಕಂದು ಹನಿಗಳು ಮೂಡಿದವು. "ಮಳಿ ಬಿದ್ದಂಗ ಆಗ್ಯಾವ ನೋಡು" ಎಂದು ಹಿಗ್ಗಿ ತೋರಿಸುತ್ತಿದ್ದಳು. ತೋರಿಸಲು ನಾವು ಬಿಟ್ಟರೆ ಯಾರೂ ಇರಲಿಲ್ಲ. ಊರು ಮತ್ತೆ ಕರೆಯಲೇ ಇಲ್ಲ.

ಹೋದ ವರ್ಷ ಖಾಲಾ ಎದೆನೋವಿನಿಂದ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಸಿಂಧನೂರಿನಿಂದ ಆಕೆಯ ತಂಗಿಯ ಸೊಸೆಯರು ಬಂದು, ಮೈ ತೊಳೆಯಲು ನೀರು ಕಾಯಿಸಿದ್ದರು. ಅವರಲ್ಲಿ ಕಿರಿಯವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಅಕ್ಕಾ, ನೀವು ಬಾಜೂ ಮನಿಯವ್ರಲ್ಲ... ಮುಟ್ಟಿದ್ರ ಏನೂ ಆಗಂಗಿಲ್ಲೇನ್ರೀ?"

"ಏನೂ ಆಗಂಗಿಲ್ಲವ್ವ. ನನ್ನ ಮಗಳನ್ನ ಆಡಿಸಿ ಬೆಳೆಸಿದ ಕೈ ಅವು" ಎಂದೆ.

ಆಕೆ ತನ್ನ ಬಳೆಗಳನ್ನು ಕಳಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅವನ್ನು ಮಡಿಲಲ್ಲಿಟ್ಟುಕೊಂಡು, ಒಳಗಿನ ನೀರಿನ ಸದ್ದು ನಿಲ್ಲುವವರೆಗೂ ನಾನು ಅಂಗಳದಲ್ಲಿ ಕೂತೇ ಇದ್ದೆ.